ಮೊದಲು ಹಗ್ಗ, ಆಮೇಲೆ ಪುಡಿ: ಹಿತ್ತಲ ಬಾವಿಯ ನೀರನ್ನು ಕುಡಿಯಲು ತಕ್ಕಂತೆ ಮಾಡುವ ಬಗೆ

(ಮನೆಯಲ್ಲಿ ಬಾವಿ ಇರುವ ಹುಬ್ಬಳ್ಳಿ-ಧಾರವಾಡದ ಕುಟುಂಬಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ನಿಮಗೊಂದು ಪ್ರಶ್ನೆ. ನಿಮ್ಮ ಬಾವಿಯಲ್ಲಿ ಇವತ್ತು ಎಷ್ಟು ಲೀಟರ್ ನೀರಿದೆ? ಬಾವಿ ಎಷ್ಟು ಆಳ ಅಂದರೆ ಎಲ್ಲರೂ ಹೇಳುತ್ತೀರಿ, ನಲವತ್ತು ಅಡಿ, ಐವತ್ತು ಅಡಿ. ಅದರಲ್ಲಿ ನೀರೆಷ್ಟು ಅಂದರೆ ಮುಖ ಮುಖ ನೋಡುತ್ತೀರಿ. ಆದರೂ ಮಳೆಗಾಲ ಬಂತೆಂದರೆ ರಾತ್ರಿ ಮಲಗುವ ಮುಂಚೆ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಮೇಲಿಂದ ಎರಚಿ, ಬೆಳಿಗ್ಗೆ ಸೇದಿ ಕುಡಿಯುತ್ತೀರಿ. ಹಾಗೆ ಎರಚಿದ ಪುಡಿಯಲ್ಲಿ ಒಂದಿಷ್ಟು ಮೇಲಿನ ಒಂದೆರಡು ಅಡಿ ನೀರಿನಲ್ಲಿ ಕರಗುತ್ತದೆ, ಉಳಿದದ್ದು ಸುಣ್ಣದ ಗಂಟಾಗಿ ತಳ ಸೇರುತ್ತದೆ. ಮೊದಲ ಕೊಡದಲ್ಲಿ ಮೂಗಿಗೆ ಹೊಡೆಯುವ ವಾಸನೆ, ಹತ್ತನೆಯ ಕೊಡದಲ್ಲಿ ಏನೂ ಇಲ್ಲ.

ಹಾಗಾಗಿ ಮೊದಲು ಹಗ್ಗ ಇಳಿಬಿಡಿ. ಹಗ್ಗದ ತುದಿಗೆ ಕಲ್ಲು ಕಟ್ಟಿ, ತಳ ಮುಟ್ಟುವವರೆಗೆ ಬಿಟ್ಟು, ಮೇಲಕ್ಕೆಳೆದು ಹಸಿಯಾದ ಭಾಗವನ್ನು ಅಡಿಗಳಲ್ಲಿ ಅಳೆಯಿರಿ. ಅದು ನೀರಿನ ಆಳ. ಆಮೇಲೆ ಬಾವಿಯ ಒಳ ಅಗಲ ಅಳೆಯಿರಿ. ಕಟ್ಟೆಯ ಹೊರಗಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ದುಂಡು ಬಾವಿಯಾದರೆ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಚೌಕದ ಬಾವಿಗೆ ಉದ್ದ, ಅಗಲ, ಆಳ ಗುಣಿಸಿ 28ರಿಂದ ಗುಣಿಸಿ. ಆರು ಅಡಿ ಅಗಲದ ದುಂಡು ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ 6 × 6 × 10 × 22, ಅಂದರೆ 7,920. ಎಂಟು ಸಾವಿರ ಲೀಟರ್ ಅನ್ನೋಣ. ಇವತ್ತಿನ ಮಾತೆಲ್ಲ ಈ ಎಂಟು ಸಾವಿರದ ಬಾವಿಯ ಮೇಲೆಯೇ ನಡೆಯಲಿ. ಒಂದು ಎಚ್ಚರ: ಮೇ ತಿಂಗಳಲ್ಲಿ ಅಳೆದ ಲೆಕ್ಕವನ್ನು ಆಗಸ್ಟಿನಲ್ಲಿ ಹಾಕಬೇಡಿ. ಅಷ್ಟರಲ್ಲಿ ನೀರು ಎರಡು ಮೂರು ಪಟ್ಟು ಏರಿರಬಹುದು.

ಇನ್ನು ಪುಡಿ. ಹೊಸ ಬ್ಲೀಚಿಂಗ್ ಪೌಡರಿನ ತೂಕದಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ನೂರಕ್ಕೆ 33 ಭಾಗ. ಗಾಳಿ, ತೇವ, ಬಿಸಿಲು, ಸೆಕೆ ಯಾವುದು ತಾಗಿದರೂ ಅದು ಇಳಿಯುತ್ತ ಹೋಗುತ್ತದೆ. ಕಿರಾಣಿ ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ಸೇರು ಲೆಕ್ಕದಲ್ಲಿ ಅಳೆದು ಕೊಡುವ ಪುಡಿ ಎಷ್ಟೋ ಸಲ ಬರೀ ಸುಣ್ಣ. ಒಳ್ಳೆಯ ಪುಡಿ ಉದುರುದುರಾಗಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಘಾಟು ಬರುತ್ತದೆ. ಗಂಟು ಕಟ್ಟಿದ್ದು, ಅಂಟಂಟಾದದ್ದು, ವಾಸನೆಯೇ ಇಲ್ಲದ್ದು ನೆಲ ಒರೆಸಲಿಕ್ಕೂ ಬೇಡ. ತಯಾರಾದ ತಾರೀಖು ನೋಡಿ, ಸೀಲ್ ಮಾಡಿದ ಪಾಕೀಟೇ ತನ್ನಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ತಗಡಿನ ಡಬ್ಬಿ ತುಕ್ಕು ಹಿಡಿದು ಸೋರುತ್ತದೆ. ಹೀಗೆಲ್ಲ ಜೋಪಾನ ಮಾಡಿದರೂ ಲೆಕ್ಕ ಹಾಕುವಾಗ ನಾವು 33 ಹಿಡಿಯುವುದಿಲ್ಲ, 25 ಹಿಡಿಯುತ್ತೇವೆ.

ಲೆಕ್ಕ ಆಯಿತು, ಪುಡಿ ಬಂತು. ಆದರೂ ಡಬ್ಬಿ ತೆಗೆಯುವ ಹೊತ್ತು ಇನ್ನೂ ಬಂದಿಲ್ಲ. ಬಾವಿಗೆ ಹೊಲಸು ಎಲ್ಲಿಂದ ಬರುತ್ತಿದೆ ಎಂದು ನೋಡದೆ ಕ್ಲೋರಿನ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ನಮ್ಮ ಸೀಮೆಯಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಧಾರವಾಡದಿಂದ ಪಡುವಣಕ್ಕೆ ಹೋದರೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆ ಹೊರಟರೆ ಎರಿ ಭೂಮಿ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದನ್ನು ಹೊಲದಲ್ಲಿ ಎಲ್ಲರೂ ಕಂಡಿದ್ದೀರಿ. ಬಾವಿಯ ಸುತ್ತಲೂ ಆಗುವುದು ಅದೇ. ಗೋಡೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಕಟ್ಟೆಯ ಸುತ್ತ ಹಾಕಿದ ಕಾಂಕ್ರೀಟು ಒಂದೆರಡು ವರ್ಷದಲ್ಲಿ ಸೀಳುತ್ತದೆ. ರೋಹಿಣಿ, ಮಿರಗದ ಮೊದಲ ಜೋರು ಮಳೆ ಬಂದಾಗ ಮಣ್ಣು ಇನ್ನೂ ಉಬ್ಬಿರುವುದಿಲ್ಲ, ಬಿರುಕು ಬಾಯಿ ತೆರೆದೇ ಇರುತ್ತದೆ. ದನದ ಕೊಟ್ಟಿಗೆ, ತಿಪ್ಪೆ, ಗಟಾರ ತೊಳೆದುಕೊಂಡು ಬಂದ ನೀರು ಮಣ್ಣಿನಲ್ಲಿ ಸೋಸದೆ ನೇರವಾಗಿ ಬಾವಿಗೆ ಇಳಿಯುತ್ತದೆ. ವಾಂತಿಭೇದಿ ಮೊದಲ ಮಳೆಯ ಬೆನ್ನಿಗೇ ಬರುವುದರಲ್ಲಿ ಈ ಬಿರುಕಿನ ಪಾಲೂ ಇದೆ.

ಅದಕ್ಕೆ ಮಿರಗ ಕೂಡುವ ಮುಂಚೆ ಕಟ್ಟೆ ನೋಡಿ. ಕಟ್ಟೆಯ ಎತ್ತರ ನೆಲದಿಂದ ಎರಡೂವರೆ ಅಡಿಯಾದರೂ ಇರಲಿ. ಸುತ್ತಲೂ ಮೂರಡಿಗೂ ಹೆಚ್ಚು ಅಗಲದ ಕಾಂಕ್ರೀಟ್ ಜಗಲಿ, ಹೊರಕ್ಕೆ ಇಳಿಜಾರು, ಅಂಚಿನಲ್ಲಿ ಕಾಲುವೆ, ಕಾಲುವೆಯ ನೀರು ಬಾವಿಯಿಂದ ದೂರ ಹೋಗುವ ದಾರಿ. ಎರಿ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಅದು ಉಳಿಯುವುದಿಲ್ಲ. ಒಂದೆರಡು ಅಡಿ ಎರಿ ತೆಗೆದು ಗರಸು ತುಂಬಿ, ನೀರು ಹಾಕಿ ಧಮ್ಮಸ್ಸು ಮಾಡಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಬಾವಿಯ ಒಳಗೋಡೆಗೆ ಮೇಲಿನ 20 ಅಡಿಯವರೆಗೆ ನೀರು ಜಿನುಗದಂತೆ ಸಿಮೆಂಟ್ ಗಾರೆ ಬೇಕು. ಒಣಕಲ್ಲಿನ ಹಳೆಯ ಗೋಡೆಗಳಲ್ಲಿ ಸಂದು ತುಂಬುವುದೇ ಪುಡಿ ಹಾಕುವುದಕ್ಕಿಂತ ಮುಖ್ಯ ಕೆಲಸ.

ಪಾಯಿಖಾನೆಯ ಗುಂಡಿ ಬಾವಿಯಿಂದ 50 ಅಡಿ ದೂರವಿರಬೇಕು ಎಂದು ಪುಸ್ತಕ ಹೇಳುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ 50 ಅಡಿ ಎಲ್ಲಿಂದ ತರುವುದು? ನಿಮ್ಮ ಗುಂಡಿ ದೂರವಿದ್ದರೂ ಪಕ್ಕದ ಮನೆಯದು ಗೋಡೆಯಾಚೆಯೇ ಇರುತ್ತದೆ. ಅಂಥ ಬಾವಿಯ ನೀರು ಬಟ್ಟೆ, ಪಾತ್ರೆ, ಗಿಡಕ್ಕೆ ಇರಲಿ. ಕ್ಲೋರಿನ್ ಹಾಕಿ ಅದನ್ನು ಕುಡಿಯುವ ನೀರು ಮಾಡುತ್ತೇನೆಂಬ ಹಟ ಬೇಡ.

ಇನ್ನೊಂದು ಮಾತು, ಯಾರೂ ಬೇಸರ ಮಾಡಿಕೊಳ್ಳಬಾರದು. ಮನೆಯ ಗಣಪತಿಯನ್ನು ಹಿತ್ತಲ ಬಾವಿಯಲ್ಲೇ ಬಿಡುವ ರೂಢಿ ನಮ್ಮಲ್ಲಿದೆ. ಮಣ್ಣು, ಬಣ್ಣ, ಹೂವು, ಗರಿಕೆ ಎಲ್ಲ ತಳದಲ್ಲಿ ಕೂತು ಕೊಳೆಯುತ್ತವೆ. ಆಮೇಲೆ ಎಷ್ಟು ಕ್ಲೋರಿನ್ ಹಾಕಿದರೂ ಆ ರಾಡಿಯೇ ಅದನ್ನು ತಿಂದು ಮುಗಿಸುತ್ತದೆ. ಹುಬ್ಬಳ್ಳಿಯಲ್ಲಿ ವಿಸರ್ಜನೆಗೆಂದೇ ಹೊಸೂರಿನ ಬಾವಿ, ಇಂದಿರಾ ಗಾಜಿನ ಮನೆಯ ಹತ್ತಿರದ ಬಾವಿ ಇವೆ. ಅಲ್ಲಿಗೆ ಒಯ್ಯಿರಿ, ಇಲ್ಲವೇ ಅಂಗಳದಲ್ಲಿ ಬಕೆಟ್ಟಿನಲ್ಲಿ ಕರಗಿಸಿ ಗಿಡಕ್ಕೆ ಹಾಕಿ. ಗಂಗಿಪೂಜೆಯ ಕಾಯಿ, ಕುಂಕುಮ ಕಟ್ಟೆಯ ಮೇಲೆಯೇ ಇರಲಿ.

ಈಗ ಹೂಳು ಎತ್ತುವ ಕೆಲಸ. ಪಂಪು ಹಚ್ಚಿ ನೀರು ಆದಷ್ಟು ಖಾಲಿ ಮಾಡಿ. ಪಾತಾಳಗರಡಿ ಬಿಟ್ಟು ಬಿದ್ದ ಕೊಡ, ತಂಬಿಗೆ, ಹಗ್ಗದ ತುಂಡು ಎಲ್ಲ ತೆಗೆಯಿರಿ. ಆಮೇಲೆ ಆಳು ಇಳಿಯಬೇಕಾಗುತ್ತದೆ, ಜೀವ ಹೋಗುವುದು ಇಲ್ಲಿಯೇ. ಬಹಳ ದಿನ ಮುಚ್ಚಿದ್ದ ಬಾವಿಯ ತಳದಲ್ಲಿ ಆಮ್ಲಜನಕ ಇಲ್ಲದಿರಬಹುದು, ಕೊಳೆತ ಹೂಳಿನಿಂದ ವಿಷದ ಗಾಳಿ ಎದ್ದಿರಬಹುದು. ಹಿಂದಿನವರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಅದು ಸರಿ. ಆದರೆ ದೀಪ ಉರಿಯಿತು ಅಂದ ಮಾತ್ರಕ್ಕೆ ಗಾಳಿ ಸರಿಯಿದೆ ಎಂದಲ್ಲ, ವಿಷದ ಗಾಳಿಯನ್ನು ದೀಪ ತೋರಿಸುವುದಿಲ್ಲ. ಬ್ಲೋವರ್ ಪೈಪನ್ನು ತಳದವರೆಗೆ ಬಿಟ್ಟು ಮೊದಲು ಗಾಳಿ ಹೊಡೆಯಿರಿ, ಆಳು ಕೆಳಗಿರುವಷ್ಟು ಹೊತ್ತೂ ಅದು ನಡೆಯುತ್ತಿರಲಿ. ಇಳಿಯುವವನ ತೋಳಿನಡಿ ಹಗ್ಗ ಕಟ್ಟಿರಬೇಕು, ಮೇಲೆ ಅವನನ್ನು ಎಳೆದುಕೊಳ್ಳಬಲ್ಲ ಇಬ್ಬರು ಇರಬೇಕು. ಡೀಸೆಲ್, ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಚಾಲೂ ಮಾಡಲೇಬೇಡಿ, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕೆಳಗಿನವನು ಕುಸಿದು ಬಿದ್ದರೆ ಬಿಡಿಸಲಿಕ್ಕೆಂದು ಇನ್ನೊಬ್ಬ ಹಾರಿ ಇಳಿಯಬಾರದು. ಎಷ್ಟೋ ಕಡೆ ಎರಡನೆಯ ಹೆಣ ಬಿಡಿಸಲು ಹೋದವನದೇ. ಪುಡಿ ಹಾಕಿದ ಮೇಲಂತೂ ಯಾರೂ ಇಳಿಯುವಂತಿಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಬಾವಿಯ ತಳದಲ್ಲೇ ಕೂತಿರುತ್ತದೆ.

ಹೂಳು ತೆಗೆದು, ಗೋಡೆಯ ಪಾಚಿ ಉಜ್ಜಿ, ಸಂದಿನಲ್ಲಿ ಬೆಳೆದ ಅರಳಿ ಗಿಡ ಕಿತ್ತು, ಆ ನೀರನ್ನೂ ಹೊರಗೆ ಹಾಕಿ. ಸೆಲೆ ಒಡೆದು ನೀರು ಮೊದಲಿನ ಮಟ್ಟಕ್ಕೆ ಬಂದು ತಿಳಿಯಾಗಲಿ. ಒಂದು ದಿನ ಹಿಡಿಯಬಹುದು, ನಾಲ್ಕು ದಿನವೂ ಹಿಡಿಯಬಹುದು. ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಕೆಂಪಗೆ, ಕದಡಿದ ಹಾಗೆ ಕಂಡರೆ ಇನ್ನೂ ಕಾಯಿರಿ. ಮಣ್ಣಿನ ಕಣದ ಮರೆಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ತಾಗುವುದೇ ಇಲ್ಲ.

ಇಷ್ಟಾದ ಮೇಲೆ ಪುಡಿ. ಹೂಳು ಎತ್ತಿದ ಬಾವಿಗೆ, ನೆರೆ ನೀರು ಹೊಕ್ಕ ಬಾವಿಗೆ, ಪ್ರಾಣಿ ಬಿದ್ದು ಸತ್ತ ಬಾವಿಗೆ ಒಮ್ಮೆ ಕೊಡುವುದು ದೊಡ್ಡ ಡೋಸು: ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್. ನೂರಕ್ಕೆ 25ರ ಪುಡಿಯಲ್ಲಿ ಇದು ಸಾವಿರ ಲೀಟರಿಗೆ 200 ಗ್ರಾಂ. ನಮ್ಮ ಎಂಟು ಸಾವಿರದ ಬಾವಿಗೆ ಒಂದು ಕಿಲೋ 600 ಗ್ರಾಂ. ನೂರಕ್ಕೆ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸಿಕ್ಕರೆ ಸುಮಾರು 620 ಗ್ರಾಂ ಸಾಕು. ನೂರಕ್ಕೆ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ ಎಂಟು ಲೀಟರ್, ಆದರೆ ಸುಗಂಧ ಬೆರೆಸಿದ್ದು ಬೇಡ. ಈಜುಕೊಳದ ಗುಳಿಗೆಯನ್ನು ಇವುಗಳ ಜೊತೆ ಕಲಸಬೇಡಿ, ಸ್ಫೋಟವಾಗಬಹುದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ತಾಗಿದ ಬಕೆಟ್ಟಿನಲ್ಲಿ ಪುಡಿ ಕಲಸಿದರೆ ವಿಷಾನಿಲ ಏಳುತ್ತದೆ. ಸೀಮೆಎಣ್ಣೆ, ಗ್ರೀಸು ತಾಗಿದ್ದರಲ್ಲಿ ಕಲಸಿದರೆ ಬೆಂಕಿ ಹತ್ತಬಹುದು.

ಕಲಸುವ ರೀತಿ ನೋಡ್ರಿ. ಎರಡು ಪ್ಲಾಸ್ಟಿಕ್ ಬಕೆಟ್, ಒಂದು ಕಟ್ಟಿಗೆಯ ಕೋಲು, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಗಾಳಿಗೆ ಬೆನ್ನು. ಒಂದು ಬಕೆಟ್ಟಿಗೆ 100 ಗ್ರಾಮಿಗಿಂತ ಹೆಚ್ಚು ಪುಡಿ ಬೇಡ. ಮೊದಲು ಸ್ವಲ್ಪವೇ ನೀರು ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಗಂಟಿಲ್ಲದಂತೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ತಿರುವಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಬಿಳಿಯ ಸುಣ್ಣ ತಳದಲ್ಲಿ ಕೂರುತ್ತದೆ, ಮೇಲೆ ನಸು ಹಳದಿ ತಿಳಿ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಆ ತಿಳಿ. ಅದನ್ನು ಎರಡನೆಯ ಬಕೆಟ್ಟಿಗೆ ಬಗ್ಗಿಸಿ, ಸುಣ್ಣವನ್ನು ಹೊರಗೆ ಚೆಲ್ಲಿ. ಚೆಲ್ಲುವುದು ದಂಡ ಎಂದು ಅದನ್ನೂ ಬಾವಿಗೆ ಸುರಿಯುವವರಿದ್ದಾರೆ. ನಮ್ಮ ನೀರು ಮೊದಲೇ ಗಡಸು, ಅದಕ್ಕೆ ಇನ್ನಷ್ಟು ಸುಣ್ಣ ಯಾಕೆ? ಸುಣ್ಣ ನೀರಿನ ಕ್ಷಾರವನ್ನೂ ಏರಿಸುತ್ತದೆ, ಕ್ಷಾರ ಏರಿದಷ್ಟೂ ಕ್ಲೋರಿನ್ನಿನ ಕಸುವು ಇಳಿಯುತ್ತದೆ.

ತಿಳಿಯ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಿ. ಹದಿನಾರು ಬಕೆಟ್ ಆಗುವವರೆಗೆ ಇದೇ ಕೆಲಸ, ತೋಳು ನೋಯುತ್ತದೆ. ಪಂಪು ಇದ್ದರೆ ಹಗುರ: ಪಂಪಿನ ನೀರನ್ನು ಪೈಪಿನಿಂದ ಮತ್ತೆ ಬಾವಿಗೇ, ಗೋಡೆಯ ಸುತ್ತಲೂ ಬೀಳುವಂತೆ ಅರ್ಧ ಗಂಟೆ ತಿರುಗಿಸಿ. ಗೋಡೆಯೂ ತೊಳೆದಂತಾಗುತ್ತದೆ, ತಳದ ನೀರೂ ಮೇಲಿನ ನೀರೂ ಒಂದಾಗುತ್ತವೆ. ಆಮೇಲೆ ಮನೆಯ ಒಂದೊಂದೇ ನಳ ತೆರೆದು, ವಾಸನೆ ಬಂದ ಕೂಡಲೇ ಮುಚ್ಚಿ. ಮೇಲಿನ ಟ್ಯಾಂಕ್ ಮೊದಲೇ ತಿಕ್ಕಿ ತೊಳೆದಿರಬೇಕು, ಇಲ್ಲವಾದರೆ ಅದರ ತಳದ ರಾಡಿ ಅಷ್ಟೂ ಕ್ಲೋರಿನ್ ನುಂಗುತ್ತದೆ. ಆರ್.ಓ. ಯಂತ್ರದ ಸಂಪರ್ಕ ಬಿಚ್ಚಿಡಿ, ಇಷ್ಟು ಕ್ಲೋರಿನ್ನಿಗೆ ಅದರ ಪೊರೆ ಹಾಳಾಗುತ್ತದೆ. ಬಾವಿಯ ಪೈಪು ನಗರದ ನಳದ ಪೈಪಿಗೆ ಎಲ್ಲಿಯಾದರೂ ಕೂಡಿದ್ದರೆ ಅವತ್ತೇ ಕತ್ತರಿಸಿ. ನಳ ಬಿಡದ ದಿನಗಳಲ್ಲಿ ಆ ಪೈಪು ಖಾಲಿಯಿರುತ್ತದೆ, ನಿಮ್ಮ ಬಾವಿಯ ನೀರು ಓಣಿಯ ನೀರಾಗುತ್ತದೆ.

12ರಿಂದ 24 ಗಂಟೆ ಬಾವಿ ಮುಟ್ಟಬೇಡಿ. ಮಕ್ಕಳು ಸೇದದಂತೆ ಹಗ್ಗ, ಗಡಗಡಿ ಬಿಚ್ಚಿ ಒಳಗಿಡಿ. ಮರುದಿನವೂ ವಾಸನೆ ಉಳಿದಿದ್ದರೆ ಕೆಲಸ ಆಗಿದೆ. ಎರಡು ಮೂರು ಗಂಟೆಯಲ್ಲೇ ಮಾಯವಾದರೆ ಪುಡಿ ಸತ್ತದ್ದು, ಅಥವಾ ಬಾವಿಯಲ್ಲಿ ಇನ್ನೂ ಕೊಳೆ ಇದೆ. ಹೊಸ ಪಾಕೀಟು ಒಡೆದು ಇನ್ನೊಮ್ಮೆ ಮಾಡಿ. ಆಗಲೂ ನಿಲ್ಲದಿದ್ದರೆ ಎಲ್ಲಿಂದಲೋ ಗಟಾರ ಇಳಿಯುತ್ತಿದೆ, ಮೂರನೆಯ ಸಲ ಪುಡಿ ತರಲು ಅಂಗಡಿಗೆ ಹೋಗಬೇಡಿ, ಗೌಂಡಿಯನ್ನು ಕರೆಯಿರಿ. ನೀರು ಕೆಂಪಾದರೆ ಹೆದರಬೇಡಿ, ಅದು ನೀರಿನಲ್ಲಿದ್ದ ಕಬ್ಬಿಣ, ಪಂಪು ಹೊಡೆಯುತ್ತ ಹೋದರೆ ತಿಳಿಯಾಗುತ್ತದೆ. ಆಮೇಲೆ ವಾಸನೆ ಹೋಗುವವರೆಗೆ ನೀರು ಹೊರಗೆ ಹಾಕಿ. ಕೆರೆಗೆ, ಹಳ್ಳಕ್ಕೆ, ಸೆಪ್ಟಿಕ್ ಟ್ಯಾಂಕಿಗೆ, ದನದ ಬಾನಿಗೆ ಬಿಡಬೇಡಿ. ಖಾಲಿ ಜಾಗದಲ್ಲಿ ಬಿಸಿಲಿಗೆ ಹರಡಿದರೆ ತಾನೇ ಇಳಿಯುತ್ತದೆ.

ಇದು ವರ್ಷಕ್ಕೊಮ್ಮೆಯ ಕೆಲಸ. ಕಟ್ಟೆ ಗಟ್ಟಿಯಾಗಿದ್ದರೂ ಬಾಯಿ ತೆರೆದ ಬಾವಿಗೆ ಮಳೆಗಾಲದಲ್ಲಿ ದಿನದ ಡೋಸು ಬೇಕು: ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ನಮ್ಮ ಬಾವಿಗೆ 20 ಗ್ರಾಂ. ಚಮಚದ ಲೆಕ್ಕ ಬೇಡ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಚೀಟಿ ಕಟ್ಟಿಡಿ. ರಾತ್ರಿ ಸೇದುವುದೆಲ್ಲ ಮುಗಿದ ಮೇಲೆ ಅದೇ ಕ್ರಮದಲ್ಲಿ ತಿಳಿ ಮಾಡಿ ಹಾಕಿ. ಕನಿಷ್ಠ ಒಂದು ಗಂಟೆ ಕಾಯಲೇಬೇಕು. ಒಂದು ಗಂಟೆಯ ನಂತರ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಡೋಸು ಸರಿ. ಇದನ್ನು ನೋಡಲು ಕ್ಲೋರೋಸ್ಕೋಪ್, ಅಂದರೆ ಬಣ್ಣ ನೋಡಿ ಕ್ಲೋರಿನ್ ಅಳೆಯುವ ಕಿಟ್ ಬೇಕು. ನೀರಿಗೆ ಹನಿ ಹಾಕಿದರೆ ಹಳದಿಯಾಗುವುದು ಒಂದು ಜಾತಿ, ಗುಳಿಗೆ ಹಾಕಿದರೆ ಗುಲಾಬಿಯಾಗುವುದು ಇನ್ನೊಂದು. ಹಳದಿಯದರಲ್ಲಿ ಹತ್ತು ಸೆಕೆಂಡಿನೊಳಗೆ ನೋಡಿದ ಬಣ್ಣವೇ ಲೆಕ್ಕ, ತಡವಾಗಿ ಏರಿದ್ದು ಕೆಲಸಕ್ಕೆ ಬಾರದ ಕ್ಲೋರಿನ್ನಿನದು. ಗುಲಾಬಿ ಕಿಟ್ಟಿನಲ್ಲಿ ಒಂದು ಮೋಸವಿದೆ: ಕ್ಲೋರಿನ್ ವಿಪರೀತವಿದ್ದರೆ ಬಣ್ಣ ಮೂಡಿ ಕ್ಷಣದಲ್ಲೇ ಬಿಳಚುತ್ತದೆ. ಕ್ಲೋರಿನ್ ಇಲ್ಲ ಎಂದುಕೊಂಡು ಮತ್ತೆ ಪುಡಿ ಹಾಕುತ್ತೀರಿ. ಅನುಮಾನ ಬಂದರೆ ಆ ನೀರಿಗೆ ಹತ್ತು ಪಟ್ಟು ಕ್ಲೋರಿನ್ ಇಲ್ಲದ ನೀರು ಬೆರೆಸಿ ನೋಡಿ. ಪರೀಕ್ಷೆ ಮಾಡಿದ ನೀರನ್ನು ಕುಡಿಯಬೇಡಿ.

ಎರಡೂವರೆ ಗ್ರಾಂ ಎಂಬುದು ಎಲ್ಲ ಬಾವಿಗೂ ಒಗ್ಗುವುದಿಲ್ಲ. ನಿಮ್ಮ ನೀರಿನ ಲೆಕ್ಕ ನೀವೇ ತೆಗೆಯಬಹುದು. ಒಂದು ಲೀಟರ್ ನೀರಿಗೆ 40 ಗ್ರಾಂ ಪುಡಿ ಕಲಸಿ ತಿಳಿ ತೆಗೆಯಿರಿ. ನಾಲ್ಕು ಬಕೆಟ್ಟಿನಲ್ಲಿ ತಲಾ 20 ಲೀಟರ್ ಬಾವಿಯ ನೀರು ತುಂಬಿ, ಸೂಜಿ ತೆಗೆದ ಸಿರಿಂಜಿನಿಂದ ಒಂದಕ್ಕೆ 1, ಇನ್ನೊಂದಕ್ಕೆ ಒಂದೂವರೆ, ಮತ್ತೊಂದಕ್ಕೆ 2, ಕೊನೆಯದಕ್ಕೆ ಎರಡೂವರೆ ಮಿ.ಲೀ. ಹಾಕಿ ತಿರುವಿ. ಅರ್ಧ ಗಂಟೆಯ ನಂತರ ಯಾವ ಬಕೆಟ್ಟಿನಲ್ಲಿ ಅರ್ಧ ಮಿಲಿಗ್ರಾಂ ಉಳಿದಿದೆಯೋ ಅದೇ ನಿಮ್ಮ ಡೋಸು. ಅದು 2 ಮಿ.ಲೀ. ಬಕೆಟ್ ಆಗಿದ್ದರೆ ಸಾವಿರ ಲೀಟರಿಗೆ 100 ಮಿ.ಲೀ., ಎಂಟು ಸಾವಿರಕ್ಕೆ 800. ಈ ತಿಳಿಯನ್ನು ಮುಂದಿನ ವಾರಕ್ಕೆಂದು ಎತ್ತಿಡಬೇಡಿ, ಕಸುವು ಇಳಿಯುತ್ತದೆ.

ದಿನಾ ಹಾಕಲು ಬೇಸರವಾದರೆ ಜೋಡಿ ಮಡಕೆ ಇದೆ, ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ, NEERI) ರೂಪಿಸಿದ್ದು. ಸಣ್ಣ ಮಡಕೆಯಲ್ಲಿ ಒಂದು ಕಿಲೋ ಪುಡಿ, ಎರಡು ಕಿಲೋ ದಪ್ಪ ಮರಳು, ತುಸು ನೀರು ಚಿಮುಕಿಸಿ ಕಲಸಿದ್ದು. ಅದರ ಮೇಲ್ಭಾಗದಲ್ಲಿ ಒಂದು ಸೆಂ.ಮೀ. ತೂತು, ಮಿಶ್ರಣ ತೂತಿಗಿಂತ ಮೂರು ಸೆಂ.ಮೀ. ಕೆಳಗಿರಬೇಕು. ಇದನ್ನು ದೊಡ್ಡ ಮಡಕೆಯೊಳಗಿಡಿ. ದೊಡ್ಡದರ ತೂತು ತಳದಿಂದ ನಾಲ್ಕು ಸೆಂ.ಮೀ. ಮೇಲೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗಬಿಡಿ. ಸುಮಾರು 4,500 ಲೀಟರ್ ಇರುವ, ದಿನಕ್ಕೆ 360ರಿಂದ 450 ಲೀಟರ್ ಸೇದುವ ಬಾವಿಗೆ ಎರಡು ಮೂರು ವಾರ ಬರುತ್ತದೆ. ನಮ್ಮ ಎಂಟು ಸಾವಿರದ ಬಾವಿಗೆ ಇಂಥವು ಎರಡು ಬೇಕು.

ಕೊಳವೆಬಾವಿಯವರಿಗೆ ಚುಟುಕಾಗಿ: ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಆರೂವರೆ ಲೀಟರ್ ನೀರು. 300 ಅಡಿ ನೀರಿದ್ದರೆ ಸುಮಾರು ಎರಡು ಸಾವಿರ ಲೀಟರ್, ದೊಡ್ಡ ಡೋಸು 400 ಗ್ರಾಂ ಪುಡಿ. ತಿಳಿಯನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಿ, ಸುಣ್ಣ ಪಂಪಿಗೆ ಹೊಕ್ಕರೆ ಪಂಪೇ ಎತ್ತಬೇಕಾದೀತು.

ಕ್ಲೋರಿನ್ನಿಂದ ಆಗದ ಕೆಲಸಗಳನ್ನೂ ಹೇಳಬೇಕು. ಮುಂಡರಗಿ ಕಡೆಯ ಫ್ಲೋರೈಡ್, ನವಲಗುಂದ-ರೋಣದ ಸವುಳು, ಗಟಾರದಿಂದ ಇಳಿದ ನೈಟ್ರೇಟ್ ಇವು ಯಾವುವೂ ಇದರಿಂದ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದರೆ 1.5. ನೈಟ್ರೇಟ್ 45, ಅದಕ್ಕೆ ವಿನಾಯಿತಿಯೇ ಇಲ್ಲ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬಾರದು.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಬಾವಿಯಲ್ಲಿ ಸೊಳ್ಳೆಗೆಂದು ಮೀನು ಬಿಟ್ಟಿದ್ದೇವೆ, ಏನು ಮಾಡುವುದು? ದೊಡ್ಡ ಡೋಸಿಗೆ ಮೀನು ಸಾಯುತ್ತದೆ, ಸತ್ತ ಮೀನು ಮತ್ತೆ ನೀರು ಕೆಡಿಸುತ್ತದೆ. ಮೊದಲೇ ಹಿಡಿದು ತೆಗೆಯಿರಿ. ಕುಡಿಯುವ ಬಾವಿಗೆ ಮೀನಿಗಿಂತ ಸಣ್ಣ ಕಣ್ಣಿನ ಜಾಳಿಗೆ ಮುಚ್ಚಳ ಮೇಲು.

ಹಳೆಯವರು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುತ್ತಿದ್ದರಲ್ಲ? ನೀರು ನೇರಳೆಯಾಗಿ ಕಣ್ಣಿಗೆ ಚೆಂದ. ಎಲ್ಲ ರೋಗಾಣುವನ್ನೂ ನಂಬಿಕೆಯಿಂದ ಕೊಲ್ಲುವುದಿಲ್ಲ, ಬಣ್ಣ, ರುಚಿ ಕೆಡಿಸುತ್ತದೆ. ಬೇಡ.

ಲಕ್ಕುಂಡಿಯಂಥ ಊರುಗಳ ಮೆಟ್ಟಿಲು ಬಾವಿಗೂ ಇದೇ ಕ್ರಮವೇ? ಮೆಟ್ಟಿಲಿಳಿದು ಕಾಲು ನೀರಿಗಿಡುವ ಬಾವಿಯನ್ನು ಕುಡಿಯಲು ಬಳಸಲೇಬಾರದು. ನಾರುಹುಣ್ಣು ಹರಡಿದ್ದು ಹಾಗೆಯೇ: ಹುಣ್ಣಿದ್ದ ಕಾಲು ನೀರಿಗಿಳಿದರೆ ಹುಳುವಿನ ಮರಿ ನೀರಿಗೆ, ನೀರಿನ ಸೂಕ್ಷ್ಮ ಜೀವಿಯೊಳಗೆ, ಅಲ್ಲಿಂದ ಕುಡಿದವರ ಹೊಟ್ಟೆಗೆ. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಆ ಜೀವಿಯನ್ನು ಕೊಲ್ಲುವ ಔಷಧಿ ಹಾಕಿದ್ದು, ಎಲ್ಲ ಸೇರಿ ಅದು ನಿಂತಿತು. ಭಾರತ ನಾರುಹುಣ್ಣು ಮುಕ್ತ ಎಂದು 2000ದಲ್ಲಿ ದೃಢಪಟ್ಟಿತು. ಸೇದುವ ಬಾವಿಯಲ್ಲೂ ಕೊಡಕ್ಕೊಂದು ಹಗ್ಗ ಬೇಡ. ಒಂದೇ ಬಕೆಟ್, ಒಂದೇ ಹಗ್ಗ, ನೆಲಕ್ಕೆ ತಾಗದಂತೆ ಗೂಟಕ್ಕೆ ಸುತ್ತಿಡಿ.

2019ರ ಆಗಸ್ಟಿನಂತೆ ಬೆಣ್ಣಿಹಳ್ಳ, ಮಲಪ್ರಭೆ ಉಕ್ಕಿ ಬಾವಿ ಮುಳುಗಿದರೆ? ಸುತ್ತಲ ನೀರು ಪೂರ್ತಿ ಇಳಿಯುವವರೆಗೆ ಬಾವಿ ಖಾಲಿ ಮಾಡಬೇಡಿ. ಹೊರಗಿನ ಹಸಿ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿದೀತು. ಅಲ್ಲಿಯವರೆಗೆ ಬೇರೆ ನೀರು ತಂದು, ಕೊತಕೊತ ಒಂದು ನಿಮಿಷ ಕುದಿಸಿ ಕುಡಿಯಿರಿ.

ಕೆಲಸ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ದೊಡ್ಡ ಡೋಸಿನ ವಾಸನೆ ಹೋಗಿ ಒಂದು ವಾರದ ನಂತರ, ದಿನದ ಡೋಸು ಶುರು ಮಾಡುವ ಮುಂಚೆ, ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಅಲ್ಲಿಯವರೆಗೆ ಕುಡಿಯುವ ನೀರು ಕುದಿಸಿ. ಬಾಟಲಿ ಅವರೇ ಕೊಟ್ಟದ್ದಾಗಿರಲಿ. ಒಳಗೆ ಬಿಳಿ ಹರಳು ಇದ್ದರೆ ತೊಳೆದು ಚೆಲ್ಲಬೇಡಿ, ಅದು ಉಳಿದ ಕ್ಲೋರಿನ್ನನ್ನು ತಡೆಯಲು ಹಾಕಿದ್ದು. ಮುಚ್ಚಳದ ಒಳಗೆ ಬೆರಳು ತಾಗಿಸದೆ ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ಆರು ಗಂಟೆಯೊಳಗೆ ಮುಟ್ಟಿಸಿ. 100 ಮಿ.ಲೀ. ನೀರಿನಲ್ಲಿ ಇ. ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಕಾಣಬಾರದು. ಜೋರು ಮಳೆ ಬಿದ್ದ ಮೇಲೆ ಇನ್ನೊಮ್ಮೆ ಕೊಡಿ, ಕಟ್ಟೆಯ ಬಿರುಕು ಮುಚ್ಚಿದೆಯೋ ಇಲ್ಲವೋ ಆ ಎರಡನೆಯ ಬಾಟಲಿ ಹೇಳುತ್ತದೆ.